ಓದಲು ಬಾರದ ಮಗು ಯಾರ ಹೊಣೆ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಚಾವಡಿಯಿಂದ ಮಕ್ಕಳು ಗಟ್ಟಿಯಾಗಿ ಪಾಠ ಓದುವ ಸ್ವರ ಕೇಳಿಬಂದರೆ ಹಿರಿಯರಿಗೆ ಸಮಾಧಾನವಾಗುತ್ತದೆ. ಮಗು ಓದುತ್ತಿದೆ, ಶಾಲೆ ತನ್ನ ಕೆಲಸ ಮಾಡುತ್ತಿದೆ ಎಂಬ ಸಮಾಧಾನ ಅದು. ಆದರೆ ಆ ಓದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ಆಲಿಸಬೇಕು. ಮೂರನೆಯ ತರಗತಿಯ ಮಗು ಸಾಲಿನ ಮೇಲೆ ಬೆರಳಿಟ್ಟು ಇಡೀ ಪಾಠವನ್ನು ತಡೆಯಿಲ್ಲದೆ ಹೇಳಿ ಮುಗಿಸುತ್ತದೆ. ಅದೇ ಪುಟದ ನಡುವಿನ ಒಂದು ಪದವನ್ನು ಮುಟ್ಟಿ ತೋರಿಸಿ, "ಇದೇನು ಮಗಾ?" ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ, ಇಲ್ಲವೇ ಸಾಲಿನ ಮೊದಲಿಗೆ ಹೋಗಿ ಬಾಯಿಪಾಠವನ್ನು ಮತ್ತೆ ಆರಂಭಿಸುತ್ತದೆ. ಪಾಠವನ್ನು ಕಿವಿ ಕಲಿತಿದೆ. ಕಣ್ಣು ಇನ್ನೂ ಕಲಿತಿಲ್ಲ.

ಹೀಗೆ ಓದಲು ಬಾರದೆಯೇ ತರಗತಿಯಿಂದ ತರಗತಿಗೆ ದಾಟುವ ಮಕ್ಕಳ ಸಂಖ್ಯೆ ಸಣ್ಣದಲ್ಲ. ಪ್ರಥಮ್ ಸಂಸ್ಥೆಯು ಗ್ರಾಮೀಣ ಭಾರತದ ಮನೆಮನೆಗಳಿಗೆ ಹೋಗಿ ಮಕ್ಕಳಿಂದ ಓದಿಸಿ ಸಿದ್ಧಪಡಿಸುವ 'ಅಸರ್' ವರದಿಯ ಪ್ರಕಾರ, 2024ರಲ್ಲಿ ದೇಶದ ಸರಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 23.4 ಮಾತ್ರ. ಐದನೆಯ ತರಗತಿಗೆ ಬಂದರೂ ಆ ಪ್ರಮಾಣ ಶೇಕಡಾ 44.8. ಅಂದರೆ ಐದು ವರ್ಷ ಶಾಲೆಗೆ ಹೋದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ತರಗತಿಯ ಪುಸ್ತಕದ ಮುಂದೆ ತಡವರಿಸುತ್ತಾರೆ. ಖಾಸಗಿ ಶಾಲೆಗಳ ಸ್ಥಿತಿ ಇದಕ್ಕಿಂತ ಉತ್ತಮವಾದರೂ ನಾವು ನಿಶ್ಚಿಂತೆಯಿಂದ ಇರಬಹುದಾದಷ್ಟು ಉತ್ತಮವಲ್ಲ.

ಇದಕ್ಕೆ ಕಾರಣವೇನೆಂದು ಕೇಳಿದರೆ ನಮ್ಮಲ್ಲಿ ಉತ್ತರಗಳಿಗೆ ಬರವಿಲ್ಲ. "ಇವನ ತಲೆಗೆ ಹತ್ತುವುದಿಲ್ಲ", "ವಿದ್ಯೆ ಹಣೆಯಲ್ಲಿ ಬರೆದಿರಬೇಕು", "ಎಲ್ಲಾ ಮೊಬೈಲಿನ ದೆಸೆಯಿಂದ", "ಈಗಿನ ಟೀಚರುಗಳಿಗೆ ಶ್ರದ್ಧೆಯಿಲ್ಲ". ಈ ಉತ್ತರಗಳಲ್ಲಿ ಒಂದು ಸಾಮ್ಯವಿದೆ. ಯಾವುದನ್ನು ಒಪ್ಪಿಕೊಂಡರೂ ನಮಗೆ ಮಾಡಲು ಏನೂ ಉಳಿಯುವುದಿಲ್ಲ. ಆದುದರಿಂದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಓದಲು ಬಾರದಿರುವುದು ಮಗುವಿನ ವಿಧಿಯೋ, ಅಥವಾ ಹಿರಿಯರಾದ ನಾವು ಸಲ್ಲಿಸದೆ ಉಳಿಸಿಕೊಂಡ ಋಣವೋ?

ಎರಡು ಬೀಗದ ಕೈಗಳು

ಉತ್ತರಿಸುವ ಮೊದಲು ಓದು ಎಂದರೇನೆಂದು ತಿಳಿದುಕೊಳ್ಳಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಪುತ್ತಿಗೆಯಿಂದ ಹತ್ತಿರದಲ್ಲೇ ಇರುವ ಮೂಡುಬಿದಿರೆಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ಲಿಪಿ ಹಳಗನ್ನಡದ್ದು. ಭಾಷೆಯಾದರೋ ಪ್ರಾಕೃತ ಮತ್ತು ಸಂಸ್ಕೃತ. ಆ ಲಿಪಿಯ ತಿರುವುಗಳನ್ನು ಚೆನ್ನಾಗಿ ಕಲಿತ ಕನ್ನಡಿಗನೊಬ್ಬ ಒಂದು ಗರಿಯನ್ನು ಕೈಗೆತ್ತಿಕೊಂಡು ಅಕ್ಷರಗಳನ್ನು ತಪ್ಪಿಲ್ಲದೆ ಉಚ್ಚರಿಸಬಹುದು. ಆದರೆ ಪ್ರಾಕೃತ ಬಾರದಿದ್ದರೆ ಒಂದು ವಾಕ್ಯದ ಅರ್ಥವೂ ಅವನಿಗೆ ದಕ್ಕುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಕಥೆ ಹೇಳುತ್ತಾಳೆ, ಗಾದೆ ಹೇಳುತ್ತಾಳೆ, ಪ್ರವಚನದ ಸೂಕ್ಷ್ಮವನ್ನು ನಮಗಿಂತ ಚೆನ್ನಾಗಿ ಗ್ರಹಿಸುತ್ತಾಳೆ. ಅದೇ ಮಾತುಗಳನ್ನು ಮುದ್ರಿಸಿ ಕೈಗಿತ್ತರೆ ಅವಳಿಗೆ ಅದು ಬರಿಯ ಕಪ್ಪು ಗೆರೆ.

ಮೊದಲನೆಯವನಿಗೆ ಅಕ್ಷರ ಇದೆ, ಭಾಷೆ ಇಲ್ಲ. ಎರಡನೆಯವಳಿಗೆ ಭಾಷೆ ಇದೆ, ಅಕ್ಷರ ಇಲ್ಲ. ಇಬ್ಬರೂ ಓದಲಾರರು. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಇದನ್ನೇ ಒಂದು ಸರಳ ಸೂತ್ರವಾಗಿ ಹೇಳಿದರು. ಅಕ್ಷರವನ್ನು ಧ್ವನಿಯಾಗಿಸುವ ಶಕ್ತಿ ಮತ್ತು ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧವೇ ಓದು. ಅವರು ಕೂಡಿಸು ಎನ್ನದೆ ಗುಣಿಸು ಎಂದುದು ಗಮನಾರ್ಹ. ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಬಹುದು. ಗುಣಿಸುವಾಗ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ. ಎರಡು ಬೀಗ ಹಾಕಿದ ಬಾಗಿಲಿಗೆ ಎರಡೂ ಬೀಗದ ಕೈಗಳು ಬೇಕು.

ನಮ್ಮ ಅಕ್ಷರಗಳ ಭಾರ

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳು. ಮಗು ಕಲಿಯಬೇಕಾದುದು ಅಷ್ಟಕ್ಕೇ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರಗಳನ್ನೂ ಅನುಸ್ವಾರ ವಿಸರ್ಗಗಳನ್ನೂ ಸೇರಿಸಿ ಕಾಗುಣಿತ ಬರೆದರೆ 510 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. 'ಪ'ಕ್ಕೆ ಹೊಟ್ಟೆ ಸೀಳಿದರೆ 'ಷ', ಅಡಿಯಲ್ಲಿ ಒಂದು ಗೆರೆ ಎಳೆದರೆ ಬೇರೊಂದು ಅಕ್ಷರ. 'ಬ'ಕ್ಕೂ 'ಭ'ಕ್ಕೂ ಇರುವ ಅಂತರ ಒಂದು ಸಣ್ಣ ಗೀಟು. ಹಿರಿಯರ ಕಣ್ಣಿಗೆ ಇದು ಸಹಜವಾಗಿ ಕಾಣುವುದು ನಾವು ದಶಕಗಳಿಂದ ಅದನ್ನು ನೋಡುತ್ತ ಬಂದುದರಿಂದ.

ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದುದು. ಇಂಗ್ಲಿಷಿನ 26 ಅಕ್ಷರಗಳ ಪರಿಚಯ ಶಾಲೆಯ ಆರಂಭದ ದಿನಗಳಲ್ಲೇ ಮುಗಿಯುತ್ತದೆ. ಕನ್ನಡದ ಅಕ್ಷರಗಳ ಕಲಿಕೆಯಾದರೋ ಅದಕ್ಕಿಂತ ಹಲವು ವರ್ಷ ಮುಂದಕ್ಕೂ ನಡೆಯುತ್ತಿರುತ್ತದೆ ಎಂಬುದನ್ನು ಅವರು ತೋರಿಸಿದರು. ಈ ಮಾತನ್ನು ನಮ್ಮ ಶಾಲೆಯ ನಡೆಗೆ ಹೋಲಿಸಿ ನೋಡಬೇಕು. ಒಂದನೆಯ ತರಗತಿಯಲ್ಲಿ ವರ್ಣಮಾಲೆ, ಕಾಗುಣಿತ; ಎರಡನೆಯದರಲ್ಲಿ ಒತ್ತಕ್ಷರ; ಅಲ್ಲಿಗೆ ಅಕ್ಷರಾಭ್ಯಾಸ ಮುಗಿಯಿತೆಂದು ಭಾವಿಸಿ ಪಠ್ಯಪುಸ್ತಕ ಮುಂದಕ್ಕೆ ಓಡುತ್ತದೆ. ಮಗುವಿಗೆ ಇನ್ನೂ ಎರಡು ವರ್ಷ ಬೇಕಾಗಿರಬಹುದು. ಮೂರನೆಯ ತರಗತಿಯ ಟೀಚರು ಒತ್ತಕ್ಷರ ಕಲಿಸುವುದು ತನ್ನ ಕೆಲಸವಲ್ಲವೆಂದುಕೊಳ್ಳುತ್ತಾರೆ. ಎರಡನೆಯ ತರಗತಿಯವರು ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಇಬ್ಬರ ನಡುವಿನ ಕಣಿವೆಯಲ್ಲಿ ಮಗು ಉಳಿದುಬಿಡುತ್ತದೆ.

ಇಲ್ಲಿ ಪಠ್ಯಕ್ರಮದ ಗುಣಮಟ್ಟ ಎಂಬ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ನಮ್ಮ ರಾಜ್ಯದ 'ನಲಿ-ಕಲಿ' ಪದ್ಧತಿಯನ್ನೇ ನೋಡೋಣ. ಆಂಧ್ರಪ್ರದೇಶದ ಋಷಿ ಕಣಿವೆಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂದಿತು. ಅದರಲ್ಲಿ ಅಕ್ಷರ ಕಲಿಕೆ 'ಅ ಆ ಇ ಈ' ಎಂದು ಆರಂಭವಾಗುವುದಿಲ್ಲ; 'ರ ಗ ಸ ದ ಅ' ಎಂದು ಆರಂಭವಾಗುತ್ತದೆ. ಇದನ್ನು ಕಂಡು ಅನೇಕ ಅಜ್ಜ ಅಜ್ಜಿಯರು ಗಾಬರಿಯಾದುದುಂಟು. ಆದರೆ ಆ ಐದೇ ಅಕ್ಷರಗಳಿಂದ ಮಗು ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಬಲ್ಲದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯದೆ ಮೊದಲ ವಾರಗಳಲ್ಲೇ 'ನನಗೆ ಓದಲು ಬಂತು' ಎಂಬ ಧೈರ್ಯ ಅದಕ್ಕೆ ಸಿಗುತ್ತದೆ. ಯಾವ ಅಕ್ಷರದ ನಂತರ ಯಾವ ಅಕ್ಷರ, ಯಾವ ಪದದ ನಂತರ ಯಾವ ವಾಕ್ಯ ಎಂಬುದನ್ನು ಮಗುವಿನ ಕಡೆಯಿಂದ ಯೋಚಿಸಿ ಜೋಡಿಸಿದ ಇಂತಹ ಮೆಟ್ಟಿಲುಗಳ ಸಾಲಿಗೇ ಒಳ್ಳೆಯ ಪಠ್ಯಕ್ರಮ ಎನ್ನುವುದು. ಮೆಟ್ಟಿಲುಗಳ ಕಾರ್ಡು ಬೀರುವಿನಲ್ಲಿದ್ದು, ಒಬ್ಬರೇ ಟೀಚರು ಮೂರು ತರಗತಿಗಳನ್ನು ಹಿಡಿದು ಒದ್ದಾಡುವಂತಾದರೆ ಎಷ್ಟು ಒಳ್ಳೆಯ ಪದ್ಧತಿಯೂ ಹೆಸರಿಗೆ ಮಾತ್ರ ಉಳಿಯುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಮನೆಯ ಮಾತು, ಶಾಲೆಯ ಮಾತು

ಈಗ ಎರಡನೆಯ ಬೀಗದ ಕೈ. ಪುತ್ತಿಗೆಯಿಂದ ಬಂಟ್ವಾಳ, ಬೆಳ್ತಂಗಡಿಯವರೆಗೆ ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ತೊಟ್ಟಿಲಲ್ಲಿ ಕೇಳಿದ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯ ಮಾತು. ಮೇಲೆ ಹೇಳಿದ 'ಅಗಸ' ಎಂಬ ಪದವನ್ನು ತುಳು ಮನೆಯ ಮಗು ಸ್ಪಷ್ಟವಾಗಿ ಓದಬಹುದು. ಆದರೆ ಅದಕ್ಕೆ ಗೊತ್ತಿರುವುದು 'ಮಡ್ಯೆಲೆ'. 'ಮಳೆ' ಎಂದು ಪುಸ್ತಕ ಹೇಳಿದರೆ ಒಂದು ಮನೆಯಲ್ಲಿ ಅದು 'ಬರ್ಸ', ಇನ್ನೊಂದು ಮನೆಯಲ್ಲಿ 'ಪಾವ್ಸ್'. ಅಕ್ಷರ ಧ್ವನಿಯಾಗುತ್ತದೆ, ಧ್ವನಿ ಅರ್ಥವಾಗುವುದಿಲ್ಲ. ತಾಳೆಗರಿಯ ಮುಂದೆ ಕುಳಿತ ಆ ಕನ್ನಡಿಗನ ಪಾಡು ಈ ಆರು ವರ್ಷದ ಮಗುವಿನದು.

ಇದು ದಾಟಲಾಗದ ಗೋಡೆಯೇನೂ ಅಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದ ಅವರೇ ಕನ್ನಡದ ಮಕ್ಕಳಿಗೆ ಹಾಡುಗಳನ್ನೂ ಕಥೆಗಳನ್ನೂ ಪಠ್ಯಪುಸ್ತಕಗಳನ್ನೂ ಕೊಟ್ಟವರು. ಅವರು ಮಕ್ಕಳಿಗಾಗಿ ಹಾಡಲು ಬರುವ, ನಾಲಿಗೆಯ ಮೇಲೆ ಆಡುವ ಕನ್ನಡವನ್ನು ಬರೆದುದರಲ್ಲಿ ಒಂದು ಪಾಠವಿದೆ. ಮನೆಯಲ್ಲಿ ಬೇರೆ ಮಾತಾಡುವ ಮಗುವಿಗೆ ಪುಸ್ತಕದ ಕನ್ನಡ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು. ಹಾಡು, ಕಥೆ, ಮಾತುಕತೆ ಇವು ಬಿಡುವಿನ ವೇಳೆಯ ಮನರಂಜನೆಯೆಂದು ತಿಳಿಯುವುದು ತಪ್ಪು. ಎರಡನೆಯ ಬೀಗದ ಕೈ ತಯಾರಾಗುವ ಕುಲುಮೆ ಅದೇ.

ಇಂಗ್ಲಿಷ್ ಮಾಧ್ಯಮದ ವಿಷಯದಲ್ಲೂ ಈ ಮಾತು ಅನ್ವಯಿಸುತ್ತದೆ. ಮಕ್ಕಳ ಭವಿಷ್ಯಕ್ಕಾಗಿ ಇಂಗ್ಲಿಷ್ ಶಾಲೆ ಆರಿಸಿಕೊಂಡ ತಂದೆತಾಯಿಗಳನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಆದರೆ 'ಸಿ-ಯು-ಟಿ ಕಟ್' ಆಗಿ 'ಪಿ-ಯು-ಟಿ ಪುಟ್' ಆಗುವ ಭಾಷೆಯಲ್ಲಿ, ಮನೆಯಲ್ಲಿ ಯಾರೂ ಆಡದ ಮಾತಿನಲ್ಲಿ, ಅಕ್ಷರದ ಹೆಸರನ್ನು ಮಾತ್ರ ಉರು ಹೊಡೆಸಿ ಓದು ಕಲಿಸಿದರೆ ಎರಡು ಬೀಗದ ಕೈಗಳೂ ಮಗುವಿನ ಕೈಗೆ ಸಿಗುವುದಿಲ್ಲ. ಮಾಧ್ಯಮ ಯಾವುದೆಂಬ ಪ್ರಶ್ನೆಯಷ್ಟೇ ಆ ಮಾಧ್ಯಮದಲ್ಲಿ ಓದನ್ನು ಹೇಗೆ ಕಲಿಸುತ್ತಾರೆ ಎಂಬ ಪ್ರಶ್ನೆಯೂ ಮುಖ್ಯ. ಶಾಲೆಗೆ ಸೇರಿಸುವಾಗ ಸಮವಸ್ತ್ರ, ವಾಹನ, ಶುಲ್ಕಗಳನ್ನು ವಿಚಾರಿಸುವ ನಾವು ಇದನ್ನು ವಿಚಾರಿಸುವುದು ಅಪರೂಪ.

ತಿಳಿದ ಮೇಲೆ ಸುಮ್ಮನಿರಬಹುದೇ?

ಓದು ಕಲಿಸುವ ವಿಧಾನದ ಬಗ್ಗೆ ಜಗತ್ತಿನಲ್ಲಿ ಹಲವು ದಶಕಗಳಿಂದ ವಾದ ನಡೆದಿದೆ. ಕಥೆಪುಸ್ತಕಗಳ ನಡುವೆ ಬಿಟ್ಟರೆ ಮಗು ಮಾತು ಕಲಿತಂತೆ ಓದನ್ನೂ ತಾನಾಗಿ ಕಲಿಯುತ್ತದೆ, ಗೊತ್ತಾಗದ ಪದವನ್ನು ಚಿತ್ರ ನೋಡಿ ಊಹಿಸಲಿ ಎಂದು ಒಂದು ಪಂಥ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ, ನೇರವಾಗಿ ಕಲಿಸಬೇಕು ಎಂದು ಇನ್ನೊಂದು ಪಂಥ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯು ನೂರಾರು ಅಧ್ಯಯನಗಳನ್ನು ಪರಿಶೀಲಿಸಿ 2000ದಲ್ಲಿ ವರದಿ ಕೊಟ್ಟಿತು. ಪದದೊಳಗಿನ ಧ್ವನಿಗಳನ್ನು ಬಿಡಿಸಿ ಕೇಳುವುದು, ಅಕ್ಷರ ಮತ್ತು ಧ್ವನಿಯ ಸಂಬಂಧ, ನಿರರ್ಗಳತೆ, ಶಬ್ದಸಂಪತ್ತು, ಅರ್ಥಗ್ರಹಣ ಈ ಐದನ್ನೂ ನೇರವಾಗಿ ಕಲಿಸಿದಾಗ ಹೆಚ್ಚು ಮಕ್ಕಳು ಓದುತ್ತಾರೆ ಎಂಬುದು ಅದರ ಸಾರ. ಊಹೆಯಿಂದ ಓದುವ ಮಗುವಿನ ಗತಿ ಚಿತ್ರಗಳಿಲ್ಲದ ಪುಸ್ತಕ ಕೈಗೆ ಬಂದ ದಿನ ಗೊತ್ತಾಗುತ್ತದೆ.

ಬಡತನವೇ ಅಡ್ಡಿಯೆಂದು ಹೇಳುವವರು ಅಮೆರಿಕದ ಅತ್ಯಂತ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿಯನ್ನು ನೋಡಬಹುದು. ನಾಲ್ಕನೆಯ ತರಗತಿಯ ಓದಿನಲ್ಲಿ ಅದು 2013ರಲ್ಲಿ ದೇಶಕ್ಕೆ 49ನೆಯದಾಗಿತ್ತು. ಆ ವರ್ಷ ಕಾನೂನು ಮಾಡಿ, ಶಿಕ್ಷಕರಿಗೆ ಓದು ಕಲಿಸುವ ವಿಧಾನದಲ್ಲಿ ತರಬೇತಿ ಕೊಟ್ಟು, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರನ್ನು ಕಳಿಸಿ, ಮಕ್ಕಳ ಓದನ್ನು ವರ್ಷದಲ್ಲಿ ಹಲವು ಬಾರಿ ಪರೀಕ್ಷಿಸಿತು. 2024ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಅದು 9ನೆಯ ಸ್ಥಾನಕ್ಕೆ ಬಂದಿತ್ತು. ಮೂರನೆಯ ತರಗತಿಯಲ್ಲಿ ಮಕ್ಕಳನ್ನು ತಡೆಹಿಡಿಯುವ ಅಲ್ಲಿನ ನಿಯಮದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಮಕ್ಕಳು ಓದಲು ಕಲಿತರೆಂಬುದು ನಿಜ.

ನಮ್ಮ ದೇಶದ ಅನುಭವವೂ ಇದೆ. ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ, ಅವರು ಈಗ ಎಲ್ಲಿ ಇದ್ದಾರೋ ಅಲ್ಲಿಂದ ಗುಂಪು ಮಾಡಿ ದಿನಕ್ಕೆ ಸ್ವಲ್ಪ ಹೊತ್ತು ಕಲಿಸುವ ಪ್ರಥಮ್ ಸಂಸ್ಥೆಯ ವಿಧಾನವನ್ನು, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮುಂತಾದವರು ಪರೀಕ್ಷಿಸಿ ಫಲಕಾರಿಯೆಂದು ತೋರಿಸಿದ್ದಾರೆ. ನಮ್ಮ ರಾಜ್ಯದಲ್ಲಿ 'ಓದು ಕರ್ನಾಟಕ' ಎಂಬ ಹೆಸರಿನಿಂದ ನಾಲ್ಕು, ಐದನೆಯ ತರಗತಿಗಳಿಗೆ ಅದು ಬಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಓದು ಬರಹದ ಅಡಿಪಾಯಕ್ಕೇ ಮೊದಲ ಆದ್ಯತೆ ಕೊಟ್ಟಿತು. 2021ರಲ್ಲಿ ಆರಂಭವಾದ 'ನಿಪುಣ್ ಭಾರತ್' ಯೋಜನೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಓದುವಂತಾಗಲು 2026-27ರ ಗಡುವನ್ನು ಇಟ್ಟುಕೊಂಡಿತು.

ಹೀಗೆ ಮಾರ್ಗ ತಿಳಿದ ಮೇಲೆ ಹೊಣೆಯ ಸ್ವರೂಪವೇ ಬದಲಾಗುತ್ತದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದುಕೊಂಡರೆ ಈ ಸಾವು ತೀರಾ ಕಡಿಮೆಯಾಗುತ್ತದೆಂದು ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ ಲೆಕ್ಕ ಸಮೇತ ತೋರಿಸಿದ. ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಕಾರಣವೆಂಬ ಮಾತು ಅವರಿಗೆ ಅವಮಾನವೆನಿಸಿತು. ಅದಕ್ಕೆ ಮುಂಚೆ ಕೈ ತೊಳೆಯದಿದ್ದವರು ನಿರ್ದೋಷಿಗಳು, ಏಕೆಂದರೆ ಅವರಿಗೆ ತಿಳಿದಿರಲಿಲ್ಲ. ಆ ಬಳಿಕ ಕೇಳಿಯೂ ಕೈ ತೊಳೆಯದವರನ್ನು ನಿರ್ದೋಷಿಗಳೆನ್ನಬಹುದೇ?

ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಈ ವಿವೇಚನೆ ಮಾಡಿದ್ದರು. ಎಷ್ಟು ಪ್ರಯತ್ನಿಸಿದರೂ ನಿವಾರಿಸಲಾಗದ ಅಜ್ಞಾನ ಒಂದು ಬಗೆ, ಅದು ದೋಷವಲ್ಲ. ಪ್ರಯತ್ನಪಟ್ಟರೆ ನಿವಾರಿಸಬಹುದಾಗಿದ್ದ ಅಜ್ಞಾನ ಇನ್ನೊಂದು ಬಗೆ. ತಿಳಿಯಬೇಕಾದ ಕರ್ತವ್ಯವಿದ್ದೂ ತಿಳಿಯದೆ ಇರುವವನಿಗೆ ಅದು ನೆಪವಾಗಲಾರದು. ನಮ್ಮ ಅಜ್ಜಂದಿರ ಕಾಲದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸಿ, ಬೆತ್ತ ಹಿಡಿದು ಮಗ್ಗಿ ಹೇಳಿಸಿದ ಮಾಸ್ತರರು ತಮಗೆ ತಿಳಿದಷ್ಟನ್ನು ಶ್ರದ್ಧೆಯಿಂದ ಮಾಡಿದರು. ಅವರಿಗೆ ನಮ್ಮ ನಮಸ್ಕಾರ ಸಲ್ಲಬೇಕು. ಇಂದು ಶಾಲೆ ನಡೆಸುವವರು, ಶಿಕ್ಷಕರ ತರಬೇತಿ ನಡೆಸುವವರು, ಆಡಳಿತ ಮಂಡಳಿಯಲ್ಲಿ ಕುಳಿತವರು 'ಹಿಂದಿನಿಂದ ಹೀಗೇ ನಡೆದು ಬಂದಿದೆ' ಎಂದು ಹೇಳುವ ಹಾಗಿಲ್ಲ.

ಇದರ ಗಂಭೀರತೆಗೆ ಇನ್ನೊಂದು ಕಾರಣವಿದೆ. ಓದಿನ ವ್ಯತ್ಯಾಸ ಮೊದಲು ಸಣ್ಣದಾಗಿದ್ದು ವರ್ಷ ಕಳೆದಂತೆ ಹಿಗ್ಗುತ್ತದೆ. ಓದಬಲ್ಲ ಮಗು ಹೆಚ್ಚು ಓದುತ್ತದೆ, ಹೆಚ್ಚು ಪದ ಕಲಿಯುತ್ತದೆ, ಅದರಿಂದ ಇನ್ನೂ ಚೆನ್ನಾಗಿ ಓದುತ್ತದೆ. ಓದಲಾರದ ಮಗು ಪುಸ್ತಕದಿಂದ ದೂರ ಸರಿದು ಇದ್ದುದನ್ನೂ ಮರೆಯುತ್ತದೆ. ಕೀತ್ ಸ್ಟಾನೋವಿಚ್ ಎಂಬ ಮನಃಶಾಸ್ತ್ರಜ್ಞ 1986ರಲ್ಲಿ ಇದನ್ನು 'ಮತ್ತಾಯನ ಪರಿಣಾಮ' ಎಂದು ಕರೆದ. ಮತ್ತಾಯನ ಶುಭಸಂದೇಶದಲ್ಲಿ ಬರುವ, ಸೇವಕರಿಗೆ ಹಣ ಒಪ್ಪಿಸಿ ಹೋದ ಯಜಮಾನನ ಸಾಮತಿಯನ್ನು ಬಲ್ಲ ನಮಗೆ ಈ ಹೆಸರಿನ ಮೂಲ ಹೇಳಬೇಕಾಗಿಲ್ಲ. ಆದರೆ ಸಾಮತಿಯ ಸೇವಕನಿಗೂ ನಮ್ಮ ಮಗುವಿಗೂ ಒಂದು ವ್ಯತ್ಯಾಸವಿದೆ. ಆ ಸೇವಕನ ಕೈಗೆ ಹಣ ತಲುಪಿತ್ತು. ಅವನೇ ಅದನ್ನು ಹೂತಿಟ್ಟ. ಈ ಮಗುವಿನ ಕೈಗೆ ಕೊಡಬೇಕಾದುದನ್ನು ನಾವು ಕೊಡಲೇ ಇಲ್ಲ. ಹೀಗಿರುವಾಗ ಸೋಮಾರಿಯೆಂದು ಕರೆಯಬೇಕಾದುದು ಯಾರನ್ನು?

ಎರಡು ಆಕ್ಷೇಪಗಳು

ಇದನ್ನು ಕೇಳಿದ ಶಿಕ್ಷಕರು ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಕ್ರಮಬದ್ಧವಾದ ಪಠ್ಯಕ್ರಮವನ್ನು ಮೇಲಿನಿಂದ ಹೇರಿದರೆ ಶಿಕ್ಷಕನ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಜನಗಣತಿ, ಚುನಾವಣೆ, ಬಿಸಿಯೂಟ, ದಾಖಲೆಗಳ ನಡುವೆ ಈಗಾಗಲೇ ಬಳಲಿದವರ ಮೇಲೆ ಇನ್ನೊಂದು ಹೊರೆಯಲ್ಲವೇ? ಹೊರೆಯ ಮಾತು ಸತ್ಯ. ಓದು ಕಲಿಸುವ ಗಂಟೆಗಳನ್ನು ಬೇರೆ ಕೆಲಸಗಳಿಂದ ಕಾಪಾಡದೆ ಶಿಕ್ಷಕರಿಂದ ಫಲ ಕೇಳುವುದು ಅನ್ಯಾಯ. ಅವರಿಗೆ ತರಬೇತಿಯಲ್ಲಿ ಕಲಿಸದೇ ಇದ್ದುದನ್ನು ತರಗತಿಯಲ್ಲಿ ನಿರೀಕ್ಷಿಸುವುದೂ ಅನ್ಯಾಯ. ಆದರೆ ಸ್ವಾತಂತ್ರ್ಯದ ಮಾತು ಬೇರೆ. ಶ್ರುತಿ, ತಾಳ ಬಲ್ಲ ಹಾಡುಗಾರನಿಗೆ ಅವು ಬಂಧನವಾಗುವುದಿಲ್ಲ. ಹಾಡಿನ ಭಾವವನ್ನು ಅವನೇ ತುಂಬಬೇಕು. ಯಾವ ಮಗು ಎಲ್ಲಿ ಎಡವಿತು, ಯಾವ ಕಥೆ ಯಾರನ್ನು ನಗಿಸೀತು, ಯಾರಿಗೆ ಇಂದು ಹಸಿವಾಗಿದೆ ಎಂಬುದನ್ನು ಯಾವ ಪಠ್ಯಕ್ರಮವೂ ಹೇಳಲಾರದು. ಅದು ಶಿಕ್ಷಕನ ವಿವೇಕಕ್ಕೆ ಬಿಟ್ಟದ್ದು.

ಎರಡನೆಯ ಆಕ್ಷೇಪ ಇನ್ನೂ ಆಳವಾದುದು. ಮಕ್ಕಳನ್ನು ಅಳೆಯುವುದು, ಅಂಕಿ ಅಂಶ ಹಿಡಿಯುವುದು ಪ್ರೀತಿಯ ಲಕ್ಷಣವೇ? ಮಗು ಪ್ರಯೋಗಶಾಲೆಯ ವಸ್ತುವಲ್ಲವಲ್ಲ? ಈ ಆತಂಕವನ್ನು ಗೌರವಿಸೋಣ. ಅಳತೆ ಮಗುವಿನ ಮೇಲೆ ಮುದ್ರೆಯೊತ್ತಲು ಬಳಕೆಯಾದರೆ ಅದು ಕ್ರೌರ್ಯವೇ ಸರಿ. ಆದರೆ ಮಗುವಿನ ಪಕ್ಕದಲ್ಲಿ ಒಂದು ನಿಮಿಷ ಕುಳಿತು, ಅದು ಓದುವುದನ್ನು ಕೇಳಿ, ಎಲ್ಲಿ ನಿಂತಿತೆಂದು ಗುರುತು ಹಾಕಿಕೊಳ್ಳುವುದರಲ್ಲಿ ಕ್ರೌರ್ಯವೇನಿದೆ? ತಾಯಿ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತಹ ಕೆಲಸ ಅದು. 'ಎಲ್ಲ ಮಕ್ಕಳೂ ಜಾಣರು' ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಯಾವ ಮಗುವಿಗೆ ಯಾವ ಒತ್ತಕ್ಷರ ಬಾರದೆಂದು ತಿಳಿದುಕೊಳ್ಳುವುದಕ್ಕೆ ಪ್ರೀತಿ ಬೇಕು. ಓದಿನ ನಿಜವಾದ ತೊಂದರೆ ಅಂದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಂತೂ ಹೀಗೆ ಬೇಗನೆ ಗುರುತಿಸಿ, ಹಂತ ಹಂತವಾಗಿ ಕಲಿಸುವವರು ಸಿಗುವುದೇ ಉಳಿಯುವ ದಾರಿ.

ಓದುವುದಕ್ಕೆ ಏನಾದರೂ ಬೇಕಲ್ಲ

ಅಕ್ಷರ ಬಂದ ಮೇಲೆ ಓದುವುದೇನನ್ನು? ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 1988ರಲ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಅರ್ಥಮಾಡಿಕೊಂಡರು. ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ, ಮೂಡುಬಿದಿರೆಯ ಕಡಲಕೆರೆಯ ಕಂಬಳವನ್ನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ಮಗುವಿಗೆ 'ಕರೆ', 'ಮಂಜೊಟ್ಟಿ', 'ಹಗ್ಗ ಹಿರಿಯ' ಎಂಬ ಪದಗಳಿರುವ ಲೇಖನ ತಡವರಿಸಿ ಓದಿದರೂ ಕಣ್ಣಿಗೆ ಕಟ್ಟುತ್ತದೆ. ಬೀದರಿನ ಜಾಣ ಮಗು ಅದನ್ನು ಸರಾಗವಾಗಿ ಓದಿ ಏನೂ ತಿಳಿಯದೆ ಕುಳಿತೀತು.

ಆದುದರಿಂದ ಓದಿಗೆ ಸಮಯ ಬೇ್ಕೆಂದು ವಿಜ್ಞಾನ, ಚರಿತ್ರೆ, ಕಥೆಗಳನ್ನು ಕಡಿತ ಮಾಡುವ ಪಠ್ಯಕ್ರಮ ತನ್ನ ಬೇರನ್ನೇ ಕಡಿದುಕೊಳ್ಳುತ್ತದೆ. ಪುತ್ತೂರಿನಲ್ಲಿ ನೆಲೆಸಿ ಮಕ್ಕಳ ನಡುವೆ ಪ್ರಯೋಗಗಳನ್ನು ನಡೆಸಿದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದುದರ ಹಿಂದೆ ಈ ಅರಿವೇ ಇದ್ದಿತು. ಮಗುವಿಗೆ ನಕ್ಷತ್ರ, ಹಕ್ಕಿ, ಹಡಗು, ದೂರದ ಜನರ ಬದುಕು ಇವುಗಳನ್ನು ಕೊಟ್ಟವನು ಅದಕ್ಕೆ ಓದುವ ಕಾರಣವನ್ನು ಕೊಟ್ಟಂತೆ.

ನಾವು ಮಾಡಬಹುದಾದುದು

ಇಷ್ಟೆಲ್ಲ ಓದಿದ ಮೇಲೆ, 'ಇದು ಸರಕಾರದ, ಶಾಲೆಯವರ ಕೆಲಸ, ನಾವೇನು ಮಾಡಲಾದೀತು?' ಎಂದು ವಾಚಕರು ಕೇಳಬಹುದು. ಮೊದಲ ಹೊಣೆ ಅವರದೇ. ಆದರೆ ನಮ್ಮ ಕೈಯಲ್ಲಿ ಇರುವುದೂ ಕಡಿಮೆಯೇನಿಲ್ಲ.

ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಪರಿಚಯವಿಲ್ಲದ ಒಂದು ಪುಟವನ್ನು ಓದಿಸಿ ಕೇಳಬಹುದು. ತಪ್ಪಿದಲ್ಲಿ ಗದರಿಸದೆ, ಅಕ್ಷರವನ್ನು ಬಿಡಿಸಿ ತೋರಿಸಿ ಪದವನ್ನು ಮತ್ತೆ ಕೂಡಿಸಿ ಓದಿಸಬೇಕು. ಚಿತ್ರ ನೋಡಿ ಊಹಿಸಲು ಹೇಳಬಾರದು. ಓದಲು ಬಾರದ ಅಮ್ಮನೂ ಅಜ್ಜಿಯೂ ಮನೆಮಾತಿನಲ್ಲಿ ಕಥೆ ಹೇಳಿ, "ಆಮೇಲೆ ಏನಾಯಿತು?" ಎಂದು ಕೇಳಿದರೆ ಸಾಕು, ಅರ್ಥಗ್ರಹಣ ಅಲ್ಲಿಂದಲೇ ಬೆಳೆಯುತ್ತದೆ. ತುಳುವಿನಲ್ಲಿ, ಕೊಂಕಣಿಯಲ್ಲಿ ಯೋಚಿಸಲು ಕಲಿತ ಮಗು ಆ ಯೋಚನೆಯನ್ನು ಕನ್ನಡಕ್ಕೂ ಕೊಂಡೊಯ್ಯುತ್ತದೆ. ಮನೆಮಾತನ್ನು ಬಿಡಿಸಿ ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿಸುವುದರಿಂದ ಮಗುವಿಗೆ ಲಾಭವಿಲ್ಲ.

ಶಾಲಾಭಿವೃದ್ಧಿ ಸಮಿತಿಯ ಸಭೆಗೆ, ರಕ್ಷಕ ಶಿಕ್ಷಕರ ಸಭೆಗೆ ಹೋದಾಗ ಅಂಕಗಳ ಬದಲು ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಬಹುದು: ನಮ್ಮ ಶಾಲೆಯ ಮೂರನೆಯ ತರಗತಿಯಲ್ಲಿ ಹೊಸ ಪುಟವೊಂದನ್ನು ಓದಿ ಅರ್ಥ ಹೇಳಬಲ್ಲ ಮಕ್ಕಳು ಎಷ್ಟು ಮಂದಿ? ಉಳಿದವರಿಗಾಗಿ ಏನು ನಡೆಯುತ್ತಿದೆ? ನಮ್ಮ ಆಡಳಿತದ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ನಾವೇ ಮೊದಲು ಕೇಳಿಕೊಳ್ಳಬೇಕು. ಕಟ್ಟಡದ ಉದ್ಘಾಟನೆಗೆ ಕೊಡುವ ಮಹತ್ವವನ್ನು ಒಂದನೆಯ ತರಗತಿಯ ಶಿಕ್ಷಕರ ಆಯ್ಕೆಗೂ ತರಬೇತಿಗೂ ಕೊಡಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ 'ಓದುವ ಬೆಳಕು' ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ರಜೆಯಲ್ಲಿ ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯಲು ಖರ್ಚೇನೂ ಇಲ್ಲ. ಧರ್ಮಕೇಂದ್ರದ ಯುವಜನರು, ನಿವೃತ್ತ ಶಿಕ್ಷಕರು ವಾರಕ್ಕೆ ಎರಡು ಸಂಜೆ ಎಲ್ಲ ಸಮುದಾಯದ ಮಕ್ಕಳನ್ನೂ ಕೂರಿಸಿಕೊಂಡು ಓದಿಸಿದರೆ ಅದು ಊರಿಗೇ ಉಪಕಾರ. ಧರ್ಮೋಪದೇಶದ ತರಗತಿಯಲ್ಲಿ ಎದ್ದುನಿಂತು ಓದಲಾಗದೆ ತಲೆ ತಗ್ಗಿಸುವ ಮಗುವನ್ನು ನೋಡಿ ಇತರರು ನಗದಂತೆ ಮಾಡುವುದು, ಆ ಬಳಿಕ ಅದನ್ನು ಬೇರೆಯಾಗಿ ಕರೆದು ಕಲಿಸುವುದು ಅಲ್ಲಿಂದಲೇ ಆರಂಭವಾಗಬಹುದು.

ಹಣೆಬರಹವನ್ನು ಓದಿದವರು ಯಾರೂ ಇಲ್ಲ. ಮಗುವಿನ ಕೈಯಲ್ಲಿರುವ ಪುಸ್ತಕದ ಬರಹವಾದರೋ ಓದಿಗೆ ಸಿಗುವಂತಹದು. ಅದನ್ನು ಓದಲು ಕಲಿಸುವ ಮಾರ್ಗ ಇಂದು ನಮಗೆ ತಿಳಿದಿದೆ. ತಿಳಿದುದನ್ನು ಮಗುವಿಗೆ ತಲುಪಿಸದೆ ಉಳಿದರೆ ಆ ಸೋಲಿಗೆ ಮಗುವಿನ ಹೆಸರಿಡುವ ಅಧಿಕಾರ ನಮಗಿಲ್ಲ.